ಮಾವನ ಕೈಯಿಂದ ಲೋಟ ಜಾರಿತು: ಆಂಬುಲೆನ್ಸ್ ಕರೆಯಬೇಕಿತ್ತಾ, ರಿಕ್ಷಾ ಸಾಕಿತ್ತಾ?

ಡೊಂಬಿವಲಿ ಸೊಸೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ಡೊಂಬಿವಲಿ ಪೂರ್ವದಲ್ಲಿದ್ದೇವೆ. ಊರು ಕುಂದಾಪುರದ ಕಡೆ. ಹಳೇ ಬಿಲ್ಡಿಂಗು, ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಇದನ್ನು ಮೊದಲೇ ಹೇಳಿದ್ದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೂರು ವಾರದ ಹಿಂದಿನ ಮಾತು. ಬೆಳಿಗ್ಗೆ ಆರೂ ಮುಕ್ಕಾಲು. ನಮ್ಮವರು ಲೋಕಲ್ ರೈಲು ಹಿಡಿಯುವ ಗಡಿಬಿಡಿಯಲ್ಲಿದ್ದರು. ಮಾವನಿಗೆ ಕಾಫಿ ಕೊಟ್ಟೆ. ಅವರಿಗೆ 71 ವರ್ಷ, ಬಿಪಿ ಮಾತ್ರೆ ಇದೆ. ಲೋಟ ಬಲಗೈಯಿಂದ ಜಾರಿ ಬಿತ್ತು. ಬಿಸಿ ಇತ್ತೇನೋ ಅಂದುಕೊಂಡೆ. "ಒರೆಸುವ ಬಟ್ಟೆ ತಾ" ಅಂತ ಹೇಳಲು ಹೋದರು, ಬಂದದ್ದು ಬರೀ ತೊದಲು. ಬಾಯಿಯ ಒಂದು ಬದಿ ಕೆಳಗೆ ಜಾರಿದ ಹಾಗೆ ಕಂಡಿತು. ಅತ್ತೆ "ರಾತ್ರಿ ನಿದ್ದೆ ಆಗಲಿಲ್ಲ ಅವರಿಗೆ" ಅಂದರು. ಪಕ್ಕದ ಮನೆಯ ಮರಾಠಿ ಕಾಕು ಓಡಿ ಬಂದು ಬಿಪಿ ಲೋ ಆಗಿದೆ ಎಂದು ಸಕ್ಕರೆ ನೀರು ಕಲಸಿದರು. ನಾನು ಫೋನಿನಲ್ಲಿ 108 ಒತ್ತಿದ್ದೆ. ರಿಂಗ್ ಆಗುವ ಮೊದಲೇ ಅತ್ತೆ ಕೈ ಹಿಡಿದರು. "ಕೂತು ಮಾತಾಡುವ ಮನುಷ್ಯನಿಗೆ ಆಂಬುಲೆನ್ಸ್ ಯಾಕೆ? ಸೈರನ್ ಕೇಳಿ ಬಿಲ್ಡಿಂಗಿನವರೆಲ್ಲ ಬಾಗಿಲಿಗೆ ಬರ್ತಾರೆ." ಮಾತಾಡಲು ಆಗುತ್ತಿರಲಿಲ್ಲ ಅನ್ನುವುದೇ ಸಮಸ್ಯೆ, ಅಲ್ವಾ? ಆದರೂ ನಾನು ಕಟ್ ಮಾಡಿದೆ.

ಹತ್ತು ಹನ್ನೆರಡು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಇನ್ನೊಂದು ಲೋಟ ಕಾಫಿ ಕೇಳಿ ಕುಡಿದರು. ನಮ್ಮವರು ಮುಂದಿನ ಲೋಕಲ್ ಹಿಡಿದು ಕೆಲಸಕ್ಕೆ ಹೋದರು! ನನಗೆ ಮಾತ್ರ ಸಮಾಧಾನ ಇರಲಿಲ್ಲ. ಹನ್ನೊಂದು ಗಂಟೆಗೆ ಹಟ ಹಿಡಿದು ಗಲ್ಲಿಯ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಅವರು ನನ್ನ ಮೇಲೆ ರೇಗಿದರು. ಕೂಡಲೇ ಸ್ಕ್ಯಾನ್ ಮಾಡಿಸಿ ಅಂದರು. ರಿಕ್ಷಾದಲ್ಲಿ ಒಂದು ನರ್ಸಿಂಗ್ ಹೋಮಿಗೆ ಹೋದೆವು, ಅಲ್ಲಿ ಸ್ಕ್ಯಾನ್ ಮೆಶಿನ್ನೇ ಇಲ್ಲ. ಇನ್ನೊಂದಕ್ಕೆ ಹೋಗಿ ತಲೆಯ ಸಿಟಿ ಆಗುವಾಗ ಮಧ್ಯಾಹ್ನ ಒಂದು ಗಂಟೆ. ಟಿಐಎ ಅಂದರು. ಎರಡು ದಿನ ಇಟ್ಟುಕೊಂಡು ಕಳಿಸಿದರು. ಈಗ ಮಾತ್ರೆ ಮೇಲೆ ಚೆನ್ನಾಗಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ. ಡಾಕ್ಟರ್ ಅಲ್ಲದ ನನ್ನಂಥವಳು ಇದಕ್ಕೆ ಆಂಬುಲೆನ್ಸೇ ಬೇಕು, ಇದಕ್ಕೆ ರಿಕ್ಷಾ ಸಾಕು, ಇದಕ್ಕೆ ಸಂಜೆ ಕ್ಲಿನಿಕ್ ತೆರೆದ ಮೇಲೆ ಹೋದರಾಯಿತು ಅಂತ ಹೇಗೆ ತಿಳಿಯುವುದು? ಗೂಗಲ್‌ನಲ್ಲಿ ನೋಡಿದರೆ ತಲೆನೋವಿಗೂ ಸಾವೇ ಬರುತ್ತದೆ. ಅನುಭವ ಇದ್ದವರು ಹೇಳಿ.

ಮುಲುಂಡ್ ಸಿಸ್ಟರ್ (ನಿವೃತ್ತ) ಬರೆದದ್ದು:

ತಂಗಿ, ಮುನಿಸಿಪಾಲಿಟಿ ಆಸ್ಪತ್ರೆಯಲ್ಲಿ 31 ವರ್ಷ ಕೆಲಸ ಮಾಡಿದವಳು ನಾನು. ಅದರಲ್ಲಿ ಅರ್ಧ ಕ್ಯಾಶುವಲ್ಟಿಯಲ್ಲೇ. ನೀನು ರಿಕ್ಷಾದಲ್ಲಿ ಹೋದದ್ದು ದೊಡ್ಡ ತಪ್ಪಲ್ಲ. ಸರಿಹೋಯಿತು ಎಂದು ಆರೂ ಮುಕ್ಕಾಲರಿಂದ ಹನ್ನೊಂದರವರೆಗೆ ಮನೆಯಲ್ಲಿ ಕೂತದ್ದು ತಪ್ಪು.

ಟಿಐಎ ಅಂದರೆ ಮೆದುಳಿಗೆ ಹೋಗುವ ರಕ್ತ ಸ್ವಲ್ಪ ಹೊತ್ತು ನಿಂತು ಮತ್ತೆ ಹರಿದದ್ದು. ಅದರ ಹಿಂದೆ ಪೂರ್ತಿ ಸ್ಟ್ರೋಕ್, ನಮ್ಮ ಕಡೆ ಲಕ್ವ ಅನ್ನುತ್ತಾರಲ್ಲ ಅದು, ಬರುವ ಅಪಾಯ ಮೊದಲ ಎರಡು ದಿನ ಎಲ್ಲಕ್ಕಿಂತ ಜಾಸ್ತಿ. ನಿನ್ನ ಮಾವ ಎರಡನೇ ಕಾಫಿ ಕುಡಿದರಲ್ಲ, ಆಗಲೂ ಅಪಾಯದಲ್ಲೇ ಇದ್ದರು.

ಮನೆಯಲ್ಲೇ ನೋಡುವುದು ಸುಲಭ. ಹಲ್ಲು ಕಾಣುವ ಹಾಗೆ ನಗಲು ಹೇಳು, ಬಾಯಿ ಒಂದು ಬದಿ ಎಳೆಯುತ್ತದಾ ನೋಡು. ಕಣ್ಣು ಮುಚ್ಚಿ ಎರಡೂ ಕೈ ಮುಂದೆ ಚಾಚಲು ಹೇಳು, ಒಂದು ಕೈ ತಾನಾಗಿ ಕೆಳಗೆ ಬರುತ್ತದಾ ನೋಡು. ಒಂದು ಸುಮಾರಾದ ವಾಕ್ಯ ಹೇಳಿಸು. ನಾನು "ಹಾಲು ಉಕ್ಕಿತು, ಗ್ಯಾಸ್ ಬಂದ್ ಮಾಡು" ಅಂತ ಹೇಳಿಸುತ್ತಿದ್ದೆ. ಮೂರರಲ್ಲಿ ಒಂದು ಕೆಟ್ಟರೂ ಸಾಕು, ಫೋನ್ ಮಾಡು. ಒಮ್ಮೆಲೇ ಕಣ್ಣು ಕಾಣದಿರುವುದು, ನಿಲ್ಲಲಾಗದೆ ವಾಲುವುದು, ಹಿಂದೆಂದೂ ಬಾರದಂಥ ತಲೆನೋವು ಸಿಡಿಲಿನ ಹಾಗೆ ಬರುವುದು, ಇವೂ ಅದೇ ಸಾಲಿಗೆ.

ಆಮೇಲೆ ಗಡಿಯಾರ ನೋಡು. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಈ ಲೆಕ್ಕ ನೀವು ನೋಡಿದ ಹೊತ್ತಿನಿಂದ ಅಲ್ಲ, ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ. ಬೆಳಿಗ್ಗೆ ಆರಕ್ಕೆ ಎದ್ದಾಗಲೇ ಕೈ ಬಿದ್ದಿತ್ತು, ರಾತ್ರಿ ಹತ್ತಕ್ಕೆ ಚೆನ್ನಾಗಿ ಮಲಗಿದ್ದರು ಅಂದರೆ ಹತ್ತು ಎಂದೇ ಹೇಳಬೇಕು. ಎಷ್ಟೋ ಮನೆಯವರು ಬೈಸಿಕೊಳ್ಳುವ ಹೆದರಿಕೆಯಿಂದ "ಈಗಷ್ಟೇ ಆಯಿತು" ಅನ್ನುತ್ತಾರೆ. ಅದನ್ನು ನಂಬಿ ಇಂಜೆಕ್ಷನ್ ಕೊಟ್ಟರೆ ತಲೆಯೊಳಗೆ ರಕ್ತ ಸೋರಬಹುದು.

ಸಕ್ಕರೆ ನೀರಿನ ವಿಷಯ. ಕಾಕು ಒಳ್ಳೆಯ ಮನಸ್ಸಿನಿಂದಲೇ ತಂದಿದ್ದಾರೆ. ಆದರೆ ಸ್ಟ್ರೋಕ್ ಆದ ಎಷ್ಟೋ ಜನರಿಗೆ ನುಂಗುವುದು ಸರಿ ಇರುವುದಿಲ್ಲ, ನೀರು ಶ್ವಾಸಕೋಶಕ್ಕೆ ಹೋಗಬಹುದು. ನೀರು, ಕಾಫಿ, ಇನ್ನೊಂದು ಬಿಪಿ ಮಾತ್ರೆ, ಯಾವುದೂ ಬೇಡ. ಆಸ್ಪಿರಿನ್ ಕೂಡ ಬೇಡ. ಒಳಗೆ ಹೆಪ್ಪೋ ರಕ್ತಸ್ರಾವವೋ ಅಂತ ಸ್ಕ್ಯಾನ್ ಇಲ್ಲದೆ ನನಗೂ ಗೊತ್ತಾಗುವುದಿಲ್ಲ, ದೊಡ್ಡ ಡಾಕ್ಟರಿಗೂ ಗೊತ್ತಾಗುವುದಿಲ್ಲ. ಆದರೆ ಒಂದು ಮಾತು. ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಇಳಿದಾಗಲೂ ಹೀಗೇ ತೊದಲು, ಬೆವರು, ಪೆದ್ದುಪೆದ್ದಾದ ಮಾತು ಬರುತ್ತದೆ. ಮನೆಯಲ್ಲಿ ಮೆಶಿನ್ ಇದ್ದರೆ ಬೆರಳು ಚುಚ್ಚಿ ನೋಡು. 70ಕ್ಕಿಂತ ಕೆಳಗಿದ್ದು, ಎಚ್ಚರ ಇದ್ದು, ಸರಿಯಾಗಿ ನುಂಗುತ್ತಿದ್ದರೆ ಮಾತ್ರ ಮೂರು ಚಮಚ ಸಕ್ಕರೆ. ಎಚ್ಚರ ಇಲ್ಲದವರ ಬಾಯಿಗೆ ಏನೂ ಹಾಕಬಾರದು, ಗಂಗಾಜಲವನ್ನೂ.

ಇನ್ನು ಉಳಿದವು. ಉಸಿರಿಗಾಗಿ ಮಂಚದ ಅಂಚು ಹಿಡಿದು ಮುಂದೆ ಬಾಗಿ ಕೂತಿದ್ದಾರೆ, ಒಂದು ವಾಕ್ಯ ಪೂರ್ತಿ ಹೇಳಲು ಆಗುತ್ತಿಲ್ಲ, ತುಟಿ ನೀಲಿಯಾಗಿದೆ: ಕಾಯಬೇಡ. ಎಷ್ಟು ಅಲುಗಿಸಿದರೂ ಏಳುತ್ತಿಲ್ಲ: ಕಾಯಬೇಡ. ಅಲುಗಿಸಿದರೂ ಏಳದೆ, ಆಗೊಮ್ಮೆ ಈಗೊಮ್ಮೆ ಗೊರಕೆಯ ಹಾಗೆ ದೊಡ್ಡ ಉಸಿರು ಎಳೆದರೆ ಅದು ನಿದ್ದೆ ಅಲ್ಲ. ಹೃದಯ ನಿಂತ ಮೇಲೂ ಕೆಲವರಲ್ಲಿ ಹಾಗೆ ಸದ್ದು ಬರುತ್ತದೆ. "ಗೊರಕೆ ಹೊಡೀತಿದ್ರು, ಮಲಗಲಿ ಅಂತ ಬಿಟ್ವಿ" ಎಂದು ಅಳುತ್ತಾ ಬಂದವರನ್ನು ನಾನು ಒಂದಲ್ಲ, ಹಲವು ಸಲ ನೋಡಿದ್ದೇನೆ. ಆಗ 108ಕ್ಕೆ ಫೋನ್ ಮಾಡಿ, ಸ್ಪೀಕರ್‌ನಲ್ಲಿಟ್ಟು, ನೆಲದ ಮೇಲೆ ಮಲಗಿಸಿ ಎದೆಯ ನಡುವೆ ಎರಡೂ ಕೈಯಿಂದ ಒತ್ತಬೇಕು. ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ರಿಕ್ಷಾದೊಳಗೆ ಇದನ್ನು ಮಾಡಲು ಜಾಗ ಎಲ್ಲಿದೆ, ನೀನೇ ಹೇಳು.

ಫಿಟ್ಸ್ ಐದು ನಿಮಿಷ ದಾಟಿದರೆ, ಮತ್ತೆ ಮತ್ತೆ ಬಂದರೆ, ಮೊದಲ ಸಲ ಬಂದಿದ್ದರೆ, ಬಸುರಿಗೆ ಬಂದರೆ ಕರೆಯಲೇಬೇಕು. ಕೈಗೆ ಕಬ್ಬಿಣದ ಕೀಲಿ, ಮೂಗಿಗೆ ಈರುಳ್ಳಿ, ಚಪ್ಪಲಿ, ಬಾಯಿಗೆ ಚಮಚ ಬೇಡ. ದಾದರ್ ಪ್ಲಾಟ್‌ಫಾರಂನಲ್ಲಿ ಒಬ್ಬ ಹುಡುಗನ ಮೂಗಿಗೆ ಮೂರು ಜನರ ಚಪ್ಪಲಿ ಒಟ್ಟಿಗೆ ಹಿಡಿದದ್ದು ನೋಡಿದ್ದೇನೆ. ನಾನು ಹೋಗಿ ಅವನನ್ನು ಮಗ್ಗುಲಿಗೆ ಹೊರಳಿಸಿದರೆ "ಆಂಟಿ, ಕ್ಯಾ ಕರ್ ರಹೀ ಹೋ" ಅಂತ ನನಗೇ ಬೈದರು!

ಮಾಟುಂಗಾ ಹೋಟೆಲಿನವ ಬರೆದದ್ದು:

ಸಿಸ್ಟರ್ ಅಕ್ಕ ಎದೆನೋವು ಬಿಟ್ಟರು. ಅದನ್ನು ನಾನು ಬರೆಯುತ್ತೇನೆ, ಯಾಕೆಂದರೆ ನಾನು ಕೆಡಿಸಿದ್ದೇ ಅದು.

ನಮ್ಮ ಹೋಟೆಲಿನ ಮುಖ್ಯ ಭಟ್ಟರು. ಕಾರ್ಕಳದವರು, 58 ವರ್ಷ, ಶುಗರ್ ಇತ್ತು. ಒಂದು ದಿನ ಬೆಳಿಗ್ಗೆ ಐದಕ್ಕೆ ಇಡ್ಲಿ ಇಳಿಸುವಾಗ ಮೈಯೆಲ್ಲ ಬೆವರು. ಹೋಟೆಲ್ ಅಡುಗೆಮನೆಯಲ್ಲಿ ಬೆವರದವರು ಯಾರು? ಆದರೆ ಅವರು ಹೊರಗೆ ಬಂದು ಫ್ಯಾನ್ ಕೆಳಗೆ ಕೂತ ಮೇಲೂ ಅಂಗಿ ಒದ್ದೆಯಾಗುತ್ತಲೇ ಇತ್ತು, ಮುಟ್ಟಿದರೆ ಮೈ ತಣ್ಣಗೆ. ಎದೆನೋವು ಅನ್ನಲಿಲ್ಲ. "ದವಡೆ ಹಿಡಿದ ಹಾಗೆ ಆಗ್ತಿದೆ, ಹೊಟ್ಟೆ ಉಬ್ಬರ" ಅಂದರು. ನಾನೇ ಜೀರಿಗೆ ಸೋಡಾ ಕೊಟ್ಟೆ. ಒಂದು ತೇಗು ಬಂತು, ನಾವಿಬ್ಬರೂ ಗ್ಯಾಸ್ ಅಂತ ತೀರ್ಮಾನ ಮಾಡಿದೆವು. ಅರ್ಧ ಗಂಟೆ ಬಿಟ್ಟು "ರೂಮಿಗೆ ಹೋಗಿ ಮಲಗ್ತೇನೆ" ಎಂದು ಹೊರಟರು. ರೂಮು ರೈಲ್ವೆ ಲೈನಿನ ಆಚೆ. ಸೇತುವೆ ಹತ್ತಿದರು, ಆಚೆ ಇಳಿಯಲಿಲ್ಲ.

ಆಮೇಲೆ ಡಾಕ್ಟರ್ ಹೇಳಿದ್ದು ಇದು. ಶುಗರ್ ಇದ್ದವರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ಎದೆನೋವು ಸರಿಯಾಗಿ ಬಾರದೇ ಇರಬಹುದು. ದವಡೆ, ಭುಜ, ಬೆನ್ನು, ಹೊಟ್ಟೆಯ ಮೇಲ್ಭಾಗ ಹಿಡಿಯುವುದು, ಏದುಸಿರು, ವಾಂತಿ, ಕಾರಣವಿಲ್ಲದ ಸುಸ್ತು, ತಣ್ಣನೆ ಬೆವರು. ಇಂಥದ್ದು ಕೂತರೂ ಹೋಗದಿದ್ದರೆ ಒಂದು ಹೆಜ್ಜೆ ಕೂಡ ನಡೆಸಬಾರದು. ಈಗ ನಮ್ಮ ಹೋಟೆಲಿನಲ್ಲಿ ಹಾಗೆ ಯಾರಾದರೂ ಕೂತರೆ ನಾನು ಸೋಡಾ ಬಾಟ್ಲಿ ಮುಟ್ಟುವುದಿಲ್ಲ. ಗಲ್ಲೆಯ ಹುಡುಗನೇ ಫೋನ್ ಮಾಡುತ್ತಾನೆ, ನನ್ನನ್ನು ಕೇಳುವುದೂ ಇಲ್ಲ. ಎರಡು ಸಲ ನಿಜವಾಗಿ ಗ್ಯಾಸೇ ಆಗಿತ್ತು. ಆಗಲಿ ಬಿಡಿ.

ಘೋಡ್‌ಬಂದರ್ ರೋಡ್ ಗಿರಾಕಿ ಬರೆದದ್ದು:

ಎಲ್ಲ ಸರಿ. ಆದರೆ ನಮ್ಮ ರೋಡಿನಲ್ಲಿ ಸಂಜೆ ಆಂಬುಲೆನ್ಸೇ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಕೂಗುತ್ತಾ ನಿಂತಿರುತ್ತದೆ. ಅದು ಬಂದು, ಮೇಲೆ ಹತ್ತಿ, ಇಳಿಸಿ, ಮತ್ತೆ ಅದೇ ಟ್ರಾಫಿಕ್. ಆಸ್ಪತ್ರೆ ಎರಡು ಕಿಲೋಮೀಟರ್ ಇದ್ದರೆ ನಾನು ನನ್ನ ಕಾರಲ್ಲೇ ಹಾಕಿಕೊಂಡು ಹೋಗುತ್ತೇನಪ್ಪ. ಪುಸ್ತಕದ ಮಾತು ಬೇರೆ, ಮುಂಬೈ ಬೇರೆ.

ಪುಣೆಯ ಆಂಬುಲೆನ್ಸ್ ಡಾಕ್ಟರ್ ಬರೆದದ್ದು:

ನಾನು ವಿಜಯಪುರದ ಕಡೆಯವ, ಬಿಎಎಂಎಸ್ ಮಾಡಿ ಕೆಲವು ವರ್ಷ 108 ಗಾಡಿಯಲ್ಲಿ ಕೆಲಸ ಮಾಡಿದ್ದೇನೆ. ಘೋಡ್‌ಬಂದರ್ ಅಣ್ಣ ಹೇಳಿದ್ದರಲ್ಲಿ ಸತ್ಯ ಇದೆ. ಹಿಂಜವಡಿ ರಸ್ತೆಯಲ್ಲಿ ನಾನೇ ಸೈರನ್ ಕೆಳಗೆ ಕೈಕಟ್ಟಿ ಕೂತ ಸಂಜೆಗಳು ಎಷ್ಟೋ. ದಾರಿ ಬಿಡದಿದ್ದರೆ 10,000 ರೂಪಾಯಿ ದಂಡ ಎಂದು ಕಾನೂನಿನಲ್ಲಿದೆ, ಆದರೆ ಬಿಡಲು ಜಾಗವೇ ಇಲ್ಲದಿದ್ದರೆ ಅವರಾದರೂ ಏನು ಮಾಡುತ್ತಾರೆ?

ಹಾಗಾಗಿ ನನ್ನ ಮಾತು ಇದು. ಮೊದಲು ಫೋನ್, ಆಮೇಲೆ ವಾದ. ಗಾಡಿ ಎಲ್ಲಿದೆ, ಎಷ್ಟು ಹೊತ್ತು ಅಂತ ಅವರನ್ನೇ ಕೇಳಿ. ಎಚ್ಚರ ಇದೆ, ಉಸಿರು ಸರಿ ಇದೆ, ಸ್ಕ್ಯಾನ್ ಇರುವ ಆಸ್ಪತ್ರೆ ಹತ್ತು ನಿಮಿಷ, ಗಾಡಿ ನಲವತ್ತು ನಿಮಿಷ ಅಂದರೆ ಕಾರಿನಲ್ಲಿ ಹೋಗಿ, ನಾನೂ ಹೋಗುತ್ತಿದ್ದೆ. ಆದರೆ ಓಡಿಸುವವ ಒಬ್ಬ, ಹಿಂದೆ ರೋಗಿಯ ಜೊತೆ ಇನ್ನೊಬ್ಬ ಬೇಕು. ಎದೆ ಹಿಡಿದುಕೊಂಡವರು ತಾವೇ ಓಡಿಸಿಕೊಂಡು ಹೋಗುವುದಂತೂ ಬೇಡವೇ ಬೇಡ. ಎಚ್ಚರ ತಪ್ಪಿದವರು, ಉಸಿರಾಡಲು ಆಗದವರು, ಫಿಟ್ಸ್ ನಿಲ್ಲದವರು, ಎತ್ತರದಿಂದ ಬಿದ್ದವರು, ಇವರಿಗೆ ಕಾರಿನ ಲೆಕ್ಕ ಹಾಕಬೇಡಿ. ಗಾಡಿಯಲ್ಲಿ ಆಕ್ಸಿಜನ್ ಇದೆ, ಜೊತೆಗೆ ಡಾಕ್ಟರ್ ಇರುತ್ತಾರೆ. ದುಡ್ಡು ಕೊಡಬೇಕಿಲ್ಲ. ಎಷ್ಟೋ ಜನ ಬಿಲ್ಲಿಗೆ ಹೆದರಿ ಕರೆಯುವುದೇ ಇಲ್ಲ, ಅದಕ್ಕೆ ಹೇಳಿದೆ.

ಮಹಾರಾಷ್ಟ್ರದಲ್ಲಿ 108 ಶುರುವಾದದ್ದು 2014ರಲ್ಲಿ. ಕರೆ ಹೋಗುವುದು ಪುಣೆಯ ಕೇಂದ್ರಕ್ಕೆ. ನೀವು ಡೊಂಬಿವಲಿಯಿಂದ ಮಾಡಿದರೂ ಎತ್ತಿಕೊಳ್ಳುವವರು ಅಲ್ಲಿಯವರೇ, ನಿಮ್ಮ ಗಲ್ಲಿ ಅವರಿಗೆ ಗೊತ್ತಿರುವುದಿಲ್ಲ. ಮೊದಲು ಜಿಲ್ಲೆ, ಊರು, ಪೂರ್ವವೋ ಪಶ್ಚಿಮವೋ ಹೇಳಿ. ಆಮೇಲೆ ಗುರುತು. ಬರೀ "ಮಾರುತಿ ಮಂದಿರದ ಹತ್ತಿರ" ಅಂದರೆ ಆಗುವುದಿಲ್ಲ. ಪುಣೆಯ ಮಾರುತಿ ಮಂದಿರಗಳನ್ನು ಎಣಿಸಿದವರು ಯಾರಿದ್ದಾರೆ! ಮೂರನೆಯದು ಎಚ್ಚರ ಇದೆಯಾ, ಉಸಿರು ಇದೆಯಾ. ಅವರು ಇಡುವವರೆಗೆ ನೀವು ಫೋನ್ ಇಡಬೇಡಿ. "ಬೇಗ ಬನ್ನಿ, ಬೇಗ ಬನ್ನಿ" ಎಂದು ಕೂಗಿ ಇಟ್ಟುಬಿಡುವವರೇ ಜಾಸ್ತಿ. 108 ಹತ್ತದಿದ್ದರೆ 112.

ಇನ್ನೊಂದು ಕಡೆ ನಮ್ಮ ಹೊತ್ತು ಹಾಳಾಗುವುದು ಸೊಸೈಟಿ ಗೇಟಿನಲ್ಲಿ. ವಾಕಡ್‌ನ ಒಂದು ದೊಡ್ಡ ಸೊಸೈಟಿಯಲ್ಲಿ ವಾಚ್‌ಮನ್ ನನ್ನ ಮೊಬೈಲ್ ನಂಬರ್ ಬರೆಸಿಕೊಂಡು, ಫ್ಲ್ಯಾಟಿಗೆ ಇಂಟರ್‌ಕಾಮ್ ಮಾಡಿ, ಯಾರೂ ಎತ್ತಲಿಲ್ಲ ಎಂದು ಒಳಗೆ ಬಿಡಲಿಲ್ಲ. ಎತ್ತಬೇಕಾದವರು ಒಳಗೆ ನೆಲದ ಮೇಲೆ ಬಿದ್ದಿದ್ದರು. ಒಬ್ಬರು ಕೆಳಗೆ ಬಂದು ಗೇಟಿನಲ್ಲಿ ನಿಲ್ಲಿ. ಮೇಲೆ ಬಾಗಿಲು ತೆರೆದಿಡಿ. ತೆಗೆದುಕೊಳ್ಳುವ ಎಲ್ಲ ಮಾತ್ರೆ, ಹಳೇ ರಿಪೋರ್ಟ್ ಒಂದೇ ಚೀಲದಲ್ಲಿರಲಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಕೇಳುವ ಮೊದಲೇ ಹೇಳಿ. ಅಂಥವರು ಬಚ್ಚಲಲ್ಲಿ ಜಾರಿ ತಲೆ ತಾಗಿಸಿಕೊಂಡರೆ ಗಾಯ ಕಾಣದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ವಾಂತಿ, ಮಂಪರು ಇದ್ದರೆ ಕೂಡಲೇ 108.

ಡೊಂಬಿವಲಿ ಅಕ್ಕ, ನಿಮ್ಮ ನಾಲ್ಕು ಮಹಡಿಗೆ ಒಂದು ಉಪಾಯ. ಗಟ್ಟಿ ಕುರ್ಚಿ ಒಂದು ಇಟ್ಟುಕೊಳ್ಳಿ. ರೋಗಿಗೆ ಎಚ್ಚರ ಇದ್ದರೆ ಅದರಲ್ಲಿ ಕೂರಿಸಿ, ಬೆನ್ನಿನ ಕಡೆ ಒಬ್ಬ, ಕಾಲಿನ ಕಡೆ ಒಬ್ಬ ಹಿಡಿದು ಮೆಟ್ಟಿಲು ಇಳಿಸಬಹುದು. ನಿಮ್ಮ ಅತ್ತೆಗೆ ಮರಾಠಿ ಬಾರದಿದ್ದರೆ ಎರಡು ಮಾತು ಕಲಿಸಿಬಿಡಿ: "ಬೇಶುದ್ಧ ಆಹೇತ" ಅಂದರೆ ಎಚ್ಚರ ಇಲ್ಲ, "ಶ್ವಾಸ ಘೇತಾ ಯೇತ ನಾಹೀ" ಅಂದರೆ ಉಸಿರಾಡಲು ಆಗುತ್ತಿಲ್ಲ.

ವಾಸ್ಕೋ ಗೌಂಡಿ ಬರೆದದ್ದು:

ಬಿದ್ದವರ ಮಾತು ಬಂತಲ್ಲ, ಗೋವಾದ್ದು ಒಂದು ಹೇಳ್ತೀನಿ. ನಮ್ಮ ಗದಗಿನ ಹುಡುಗ ಸೈಟಿನಲ್ಲಿ ಎರಡನೇ ಸ್ಲ್ಯಾಬಿನಿಂದ ಬಿದ್ದ. ಮಾತಾಡುತ್ತಿದ್ದ, ಆದರೆ ಕಾಲು ಜುಮ್ ಅಂತಿದೆ ಅಂದ. ಜೊತೆಯವರು ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೊರಡುವವರಿದ್ದರು. ಪೊಲೀಸ್ ಕೇಸ್ ಆಗುತ್ತೆ ಅಂತ ಮೇಸ್ತ್ರಿಗೆ ಭಯ. ಸೈಟಿನ ಇಂಜಿನಿಯರ್ ಅಡ್ಡ ನಿಂತರು. ಕುತ್ತಿಗೆ ಅಲುಗಾಡದ ಹಾಗೆ ಎರಡೂ ಕಡೆ ಕೈ ಹಿಡಿದು ಮಲಗಿದ್ದಲ್ಲೇ ಇಟ್ಟರು, 108 ಬಂತು, ಹಲಗೆ ಮೇಲೆ ಕಟ್ಟಿ ಬಾಂಬೋಳಿಯ ಜಿಎಂಸಿ ಆಸ್ಪತ್ರೆಗೆ ಒಯ್ದರು. ಬೆನ್ನುಮೂಳೆ ಮುರಿದಿತ್ತು. ಬೈಕಿನಲ್ಲಿ ಕೂರಿಸಿದ್ದರೆ ಕಾಲು ಹೋಗುತ್ತಿತ್ತು ಅಂದರು. ಈಗ ನಡೆಯುತ್ತಾನೆ, ಭಾರ ಎತ್ತುವುದಿಲ್ಲ. ರಸ್ತೆ ಅಪಘಾತದಲ್ಲಿ ಸಹಾಯ ಮಾಡಿದವರು ಹೆಸರು ಹೇಳಲೇಬೇಕು ಅಂತಿಲ್ಲ. 2019ರಲ್ಲಿ ಕಾನೂನೇ ಬದಲಾಗಿದೆ ಅಂತಾನೂ ಆ ಇಂಜಿನಿಯರೇ ಆಮೇಲೆ ಹೇಳಿದರು.

ಡೊಂಬಿವಲಿ ಸೊಸೆ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಹೋಟೆಲ್ ಅಣ್ಣ, ನಿಮ್ಮದು ಓದಿ ಮೊಬೈಲ್ ಸ್ವಲ್ಪ ಹೊತ್ತು ಕೆಳಗಿಟ್ಟೆ. ಅತ್ತೆಗೂ ಓದಿ ಹೇಳಿದೆ. ಅವರಿಗೆ ಆರು ತಿಂಗಳಿಂದ ಬೆನ್ನು ಹಿಡಿಯುತ್ತದೆ, ಮೆಟ್ಟಿಲು ಹತ್ತಿದರೆ ಜಾಸ್ತಿ, ಕೂತರೆ ಕಡಿಮೆ. ರುಬ್ಬಿದ್ದಕ್ಕೆ ನೋವು ಅನ್ನುತ್ತಿದ್ದರು. ಸಿಸ್ಟರ್ ಅಕ್ಕನಿಗೆ ಮೆಸೇಜಿನಲ್ಲಿ ಕೇಳಿದೆ. ಇದೇ ವಾರ ಇಸಿಜಿ ಮಾಡಿಸಿ ಡಾಕ್ಟರಿಗೆ ತೋರಿಸು, ಕೂತಾಗಲೂ ಬಂದರೆ ಆ ಕ್ಷಣವೇ ಫೋನ್ ಮಾಡು ಅಂದರು. ನಾಳೆ ಹೋಗುತ್ತಿದ್ದೇವೆ.

ಭಾನುವಾರ ಕುರ್ಚಿ ಪ್ರಯೋಗ ಆಯಿತು. ಮಾವನನ್ನು ಕೂರಿಸಲು ಧೈರ್ಯ ಬರಲಿಲ್ಲ, ನಮ್ಮವರನ್ನೇ ಕೂರಿಸಿದೆವು. ಹಿಂದೆ ಕಾಕುವಿನ ಮಗ, ಮುಂದೆ ಮೂರನೇ ಮಹಡಿಯ ಹುಡುಗ. ಎರಡನೇ ಮಹಡಿ ತಿರುವಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಕೈ ಮುರಿಯಿತು. ಮಾವ ಮೇಲಿನಿಂದ ಬಗ್ಗಿ ನೋಡಿ, "ಮೊದಲು ನೀನು ಹೊಟ್ಟೆ ಇಳಿಸು ಮಾರಾಯ" ಅಂದರು. ಮರದ ಕುರ್ಚಿ ಆಗಬೇಕು, ಹುಡುಕುತ್ತಿದ್ದೇವೆ. ಕೆಳಗೆ ಮೆಟ್ಟಿಲ ಬುಡದಲ್ಲಿ ನಾಲ್ಕು ಸ್ಕೂಟರ್ ನಿಂತಿರುತ್ತವೆ, ಕುರ್ಚಿ ತಿರುಗುವುದಿಲ್ಲ. ಸೊಸೈಟಿ ಚೇರ್‌ಮನ್‌ರಿಗೆ ಹೇಳಿದರೆ ಮುಂದಿನ ಮೀಟಿಂಗಿನಲ್ಲಿ ನೋಡೋಣ ಅಂದರು. ಒಂದು ಸ್ಕೂಟರ್ ಅವರದ್ದೇ.

ಅತ್ತೆ ಮರಾಠಿ ಕಲಿತಿದ್ದಾರೆ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ಹೇಳಿಕೊಳ್ಳುತ್ತಿರುತ್ತಾರೆ: "ಡೊಂಬಿವಲಿ ಪೂರ್ವ, ಚೌಥಾ ಮಜಲಾ, ಲಿಫ್ಟ್ ನಾಹೀ." ನಿನ್ನೆ ಕೊನೆಗೆ ತಾವೇ ಒಂದು ಸೇರಿಸಿದರು, "ಸೈರನ್ ಚಾಲೇಲ್." ಸೈರನ್ ಹಾಕಿದರೂ ನಡೆಯುತ್ತದಂತೆ.